ಎರಡು ಪಟ್ಟಿ ಕಡಿಮೆ

ಮುನ್ನೂರ ನಲವತ್ತು ಡಾಲರಿಗೆ ಕೂಗಿದೆ,
ಎತ್ತಿದ ಕೈ ಇಳಿಸುವ ಮೊದಲೇ ನನ್ನದಾಯಿತು.
ಎಲ್ಕೋ ಊರಾಚೆ, ಸರ್ಕಾರಿ ಹರಾಜಿನ ಅಂಗಳದಲ್ಲಿ
ಮೂಕಿ ನೆಲಕ್ಕೂರಿ, ಒಂದು ಚಕ್ರ ಕುಸಿದು,
ನಿವಾಡಾದ ಬಿಸಿಲು ಕುಡಿಯುತ್ತ ಬಿದ್ದಿತ್ತು ಮಿಲಿಟರಿ ಟ್ರೇಲರು.
ಮೂತಿಯ ಕಬ್ಬಿಣದ ಬಳೆ ಮಾತ್ರ
ಹಗ್ಗ ಕಳಚಿದ ಮೇಲೂ ಕೂಡಿಕೊಳ್ಳದ
ಮೂಗುದಾರದ ತೂತಿನಂತೆ.

ಭಾವ ಥರ್ಮನ್ ಬಂದ. ಒಂದು ಸುತ್ತು ಹಾಕಿದ.
"ತಳದಲ್ಲಿ ಎರಡು ಬಿರಡೆ ಇರುತ್ತೆ, ನೋಡು."
ನೋಡಿದೆ. ಇದ್ದವು.
ಇಂಥದನ್ನು ಎಷ್ಟು ವರ್ಷ ಎಳೆದನೋ, ಎಲ್ಲೆಲ್ಲಿ ಎಳೆದನೋ
ನಾನು ಕೇಳಲಿಲ್ಲ.
ಹತ್ತೊಂಬತ್ತು ವರ್ಷದಿಂದ ಅಕ್ಕನೇ ಕೇಳಿಲ್ಲ.

ಬಣ್ಣ ಕೆರೆಯಲು ಮೂರು ಭಾನುವಾರ ಹಿಡಿಯಿತು.
ಹಸಿರಿನಡಿ ಮರಳುಬಣ್ಣ, ಮರಳಿನಡಿ ಮತ್ತೆ ಹಸಿರು,
ಕಳಿಸಿದ ನಾಡಿಗೆ ತಕ್ಕ ಅಂಗಿ.
ಎಲ್ಲದರಡಿ ಬಿಳಿ ಅಂಕಿಗಳು:
ಆರು, ಸೊನ್ನೆ, ಎರಡು, ಏನೋ ಅಳಿಸಿದ್ದು, ಆಮೇಲೆ ಏಳು.
"ಇದಿರಲಿ," ಅಂದೆ ನಾನು, "ಮೇಲೆ ವಾರ್ನಿಷ್ ಹೊಡೆಯೋಣ,
ನೋಡಿದವರು ಕೇಳ್ತಾರೆ."
ಥರ್ಮನ್ ಗ್ರೈಂಡರು ಎತ್ತಿಕೊಂಡ.
ಕಿಡಿ ಹಾರಿತು. ಏಳು ಹೋಯಿತು, ಎರಡು ಹೋಯಿತು.
ಸೊನ್ನೆಗೆ ತುಸು ಹೊತ್ತು ಬೇಕಾಯಿತು,
ಕೊನೆಮೊದಲಿಲ್ಲದ್ದು, ಎಲ್ಲಿಂದ ಹಿಡಿಯುವುದು?
ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.
ಎರಡು ದಿನ ಮಾತಿಲ್ಲ.

ಆಮೇಲೆ ಜಲ್ಲಿರಸ್ತೆಯಲ್ಲಿ ಖಾಲಿ ಎಳೆದು ನೋಡಿದೆವು.
ಗುಂಡಿಗೊಂದು ನೆಗೆತ. ಒಳಗಿಟ್ಟ ಆರು ಪಿಂಗಾಣಿ ಬಟ್ಟಲಲ್ಲಿ
ಹಿಡಿಕೆಗಳಷ್ಟೇ ಉಳಿದವು.
ಥರ್ಮನ್ ಅಡಿಗೆ ಅಂಗಾತ ಮಲಗಿ ಕಮಾನುಪಟ್ಟಿ ಎಣಿಸಿದ.
"ಮದ್ದುಗುಂಡಿನ ತೂಕಕ್ಕೆ ಮಾಡಿದ ಬೆನ್ನು ಇದು.
ಹಗುರ ಹೊತ್ತು ಅಭ್ಯಾಸವಿಲ್ಲ.
ಭಾರ ಇಳಿಸಿದರೆ ಒದೆಯುತ್ತೆ,
ರಾತ್ರಿಯೆಲ್ಲ ಒದೆಯುತ್ತೆ."
ರಾತ್ರಿ ಎಂದದ್ದು ಅವನಿಗೇ ಕೇಳಿಸಿತೋ ಏನೋ,
"ಹದಿನೇಳರ ಪಾನೆ ಕೊಡು," ಅಂದ.
ತುಕ್ಕಿಗೆ ಎಣ್ಣೆ ಬಿಟ್ಟು, ಪಾನೆಗೆ ಪೈಪು ಸಿಕ್ಕಿಸಿ,
ಇಬ್ಬರೂ ಜೋತುಬಿದ್ದು, ಬೈದು,
ಅತ್ತ ಎರಡು, ಇತ್ತ ಎರಡು ಪಟ್ಟಿ ಕಳಚಿದೆವು.
ಅಚ್ಚಿಗೆ ಹೊಸ ಕೀಲೆಣ್ಣೆ. ಕೈ ತೊಳೆದರೂ ಹೋಗದ ಕಪ್ಪು.
ಕಳಚಿದ ಪಟ್ಟಿಗಳನ್ನು ಶೆಡ್ಡಿನ ಗೋಡೆಗೆ ತೂಗುಹಾಕಿದ ಅವನೇ;
ಎಸೆಯೋಣವೆಂದರೆ ಕೇಳಲಿಲ್ಲ.

ಅಡುಗೆಯ ಅರೆ, ನೀರಿನ ತೊಟ್ಟಿ, ಮೇಲೆ ಮಡಚುವ ಡೇರೆ.
ಅಕ್ಕ ಒಲೀಟಾ ಮೂರು ಸೂಜಿ ಮುರಿದು
ಹಳದಿ ಕ್ಯಾನ್ವಾಸು ಹೊಲಿದಳು,
ಹಸಿರೊಂದು ಬೇಡ ಅಂದಿದ್ದ, ಇನ್ನು ಯಾವುದಾದರೇನು.
ಮುಚ್ಚಳದಂಚಿಗೆ ರಬ್ಬರು ನಾಳೆ ಹಾಕೋಣ ಅಂದಿದ್ದೆ.
ಆ ನಾಳೆ ಬರಲಿಲ್ಲ, ನಾವೇ ಹೊರಟೆವು.

ಮೊದಲ ರಾತ್ರಿ ಒಣಗಿದ ಸರೋವರದ ಅಂಚು,
ಮೈಲಿಗಟ್ಟಲೆ ಸೇಜ್ ಪೊದೆ, ಒಂದು ದೀಪವಿಲ್ಲ.
ವರ್ಷಕ್ಕೊಂದೆರಡು ಸಲ ಬರುವ ಮಳೆ
ಅವತ್ತೇ ಬಂತು.
ಬೆಳಿಗ್ಗೆ ಮುಚ್ಚಳ ತೆಗೆದರೆ ಕೊಳ:
ಹಿಟ್ಟಿನ ಚೀಲ ಮುಳುಗಿ ಮೂರು ಪಾಲಾಗಿ,
ಒಂದು ಬೂಟು, ಬೆಂಕಿಪೊಟ್ಟಣ, ತೇಲುವ ಈರುಳ್ಳಿ.
ಥರ್ಮನ್ ಚೆಡ್ಡಿಯಲ್ಲೇ ಇಳಿದು ಬಂದು ಹಣೆ ಬಡಿದುಕೊಂಡ.
"ಬಿರಡೆ! ಹೊಳೆ ದಾಟುವಾಗ ಹಾಕು, ಮಳೆ ಬಂದಾಗ ತೆಗಿ.
ಮೊದಲನೇ ದಿನ ಕಲಿಸೋ ಪಾಠ. ಮರೆತೆ ನೋಡು."
ಸ್ವಲ್ಪ ತಡೆದು ಮತ್ತೊಮ್ಮೆ ಅಂದ, "ಮರೆತೆ,"
ಉಪ್ಪು ಸರಿಯಾಗಿದೆಯೇ ಎಂದು
ನಾಲಗೆಯ ಮೇಲಿಟ್ಟು ನೋಡುವವನ ಹಾಗೆ.

ಬಿರಡೆ ಕಿತ್ತೆವು. ನೀರು ಧುಮುಕಿತು,
ಒಣ ನೆಲ ಗಟಗಟ ಕುಡಿಯಿತು.
ಅರ್ಧ ಖಾಲಿಯಾಗುವಾಗ ಈರುಳ್ಳಿಯೊಂದು ಬಂದು
ತೂತಿಗೆ ಸರಿಯಾಗಿ ಕೂತುಬಿಟ್ಟಿತು.
ಅಕ್ಕ ತೋಳು ಮಡಚಿ ಕೈ ಹಾಕಿ ತೆಗೆದಳು,
ಒರೆಸಿದಳು, ಹೆಚ್ಚತೊಡಗಿದಳು.